ಆಫೀಸು ಮನೆಗೆ ಬಂತು, ನಾಯಿ ಎಲ್ಲಿಗೆ ಹೋಗಬೇಕು?

ಈ ಸಲ ಸಂಪಾದಕರು ಕಳಿಸಿದ ಪತ್ರಗಳ ಕಟ್ಟಿನಲ್ಲಿ ಮುಕ್ಕಾಲು ಪಾಲು ಒಂದೇ ತಕರಾರು. ಮನೆಯಿಂದ ಕೆಲಸ, ಕೆಲಸದ ನಡುವೆ ನಾಯಿ ಇಲ್ಲವೇ ಬೆಕ್ಕು. ಉಣ್ಣಿ ಹುಳಕ್ಕೆ ಪೌಡರ್ ಕೇಳಿದವರು, ಕೂದಲು ಉದುರುತ್ತೆ ಅಂದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಿ.

ಬಸವನಗುಡಿಯ ನನ್ನ ಕ್ಲಿನಿಕ್‌ನಲ್ಲೂ ಇದೇ ಕಥೆ. ನಾಯಿಗೋ ಬೆಕ್ಕಿಗೋ ಇಂಜೆಕ್ಷನ್ ಹಾಕಿಸಿಕೊಂಡು ಹೊರಟವರು ಬಾಗಿಲ ಹತ್ತಿರ ನಿಂತು, "ಮೇಡಂ, ಇನ್ನೊಂದು ವಿಷಯ" ಅನ್ನುತ್ತಾರೆ. ನನಗೆ ಗೊತ್ತಾಗಿಬಿಡುತ್ತದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಐಟಿ ಆಫೀಸುಗಳು ಊಟದ ಮೇಜಿನ ಮೇಲೆ ಬಂದು ಕೂತವು. ಆಮೇಲೆ ಕೆಲವು ವಾಪಸ್ ಹೋದವು, ಕೆಲವು ಅರ್ಧ ಹೋದವು. ಪ್ರಾಣಿಗೆ ಇದನ್ನು ಯಾರು ಹೇಳಬೇಕು? ಅದರ ಲೆಕ್ಕದಲ್ಲಿ ನೀವು ಮನೆಯಲ್ಲಿದ್ದೀರಿ ಅಂದರೆ ಬಿಡುವಾಗಿದ್ದೀರಿ.

ಮೀಟಿಂಗ್ ನಡೆಯುವಾಗ ಏನು ಮಾಡಬೇಕು ಅಂತ ಎಲ್ಲರೂ ಕೇಳಿದ್ದೀರಿ. ಆಗ ಮಾಡೋಕೆ ಜಾಸ್ತಿ ಏನೂ ಇಲ್ಲ. ಮಾಡಬೇಕಾದ್ದೆಲ್ಲ ಅದಕ್ಕೆ ಅರ್ಧ ಗಂಟೆ ಮುಂಚೆ. ಕೆಳಗಿನ ಉತ್ತರಗಳಲ್ಲಿ ಇದು ಮತ್ತೆ ಮತ್ತೆ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಎರಡು ವರ್ಷದ ಹೆಣ್ಣು ಬೆಕ್ಕು, ಹೆಸರು ಚಿನ್ನಿ. ಆಪರೇಷನ್ ಆಗಿದೆ. ಹಗಲೆಲ್ಲ ಬೀರುವಿನ ಮೇಲೆ ನಿದ್ದೆ. ರಾತ್ರಿ ಏಳೂವರೆಗೆ ಅಮೆರಿಕದವರ ಜೊತೆ ನನ್ನ ಕಾಲ್ ಶುರುವಾದ ಕೂಡಲೇ ಇಳಿದು ಬಂದು ಕೀಬೋರ್ಡ್ ಮೇಲೆ ಮಲಗುತ್ತಾಳೆ. ಎತ್ತಿ ಕೆಳಗೆ ಬಿಟ್ಟರೆ ಮತ್ತೆ ಹತ್ತುತ್ತಾಳೆ. ಮೊನ್ನೆ ಅರ್ಧ ಟೈಪ್ ಮಾಡಿದ ಮೆಸೇಜು ಮ್ಯಾನೇಜರ್‌ಗೆ ಹೋಯಿತು. ಬೆಕ್ಕಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ. ಬಾಲ್ಕನಿಗೆ ಹಾಕಿ ಬಾಗಿಲು ಹಾಕಲಾ? (ಜೆ.ಪಿ. ನಗರ)

ಉತ್ತರ: ಬಾಲ್ಕನಿ ಬೇಡ. ನೆಟ್ ಇಲ್ಲದ ಬಾಲ್ಕನಿಯಿಂದ ಬಿದ್ದ ಬೆಕ್ಕುಗಳ ಕಾಲು, ದವಡೆ ಕೂಡಿಸೋದು ನನ್ನ ಕೆಲಸದ ಒಂದು ಪಾಲೇ ಆಗಿಹೋಗಿದೆ.

ಚಿನ್ನಿ ನಿಮ್ಮ ಮೇಲಿನ ಹಗೆಗೆ ಬರುತ್ತಿಲ್ಲ. ಬೆಕ್ಕು ಚುರುಕಾಗುವುದು ಬೆಳಗಿನ ಜಾವ ಮತ್ತು ಮುಸ್ಸಂಜೆ. ದಿನಕ್ಕೆ 12ರಿಂದ 16 ಗಂಟೆ ಮಲಗುವ ಪ್ರಾಣಿ ಏಳುವ ಹೊತ್ತಿಗೇ ನಿಮ್ಮ ಅಮೆರಿಕ ಎದ್ದಿರುತ್ತದೆ. ಇನ್ನೊಂದು ಕಾರಣ ಬಿಸಿ. ಬೆಕ್ಕಿನ ಮೈ 38ರಿಂದ 39 ಡಿಗ್ರಿ ಇರುತ್ತದೆ. ಸುತ್ತಲೂ ಸುಮಾರು 30 ಡಿಗ್ರಿ ಇದ್ದರೆ ಅದಕ್ಕೆ ಹಿತ. ಡಿಸೆಂಬರ್ ರಾತ್ರಿ ನಮ್ಮೂರು 15, 16 ಡಿಗ್ರಿಗೆ ಇಳಿದಾಗ ಇಡೀ ಮನೆಯಲ್ಲಿ ಬೆಚ್ಚಗಿರುವ ಜಾಗ ಯಾವುದು ಹೇಳಿ? ಲ್ಯಾಪ್‌ಟಾಪು. ಮೂರನೇ ಕಾರಣ ನೀವೇ. ಒಂದು ಗಂಟೆ ಒಂದೇ ಕಡೆ ಕೂತು ಮಾತಾಡುತ್ತಿದ್ದೀರಿ, ಎದುರಿಗೆ ಬೇರೆ ಯಾರೂ ಕಾಣುತ್ತಿಲ್ಲ. ತನ್ನ ಜೊತೆಯೇ ಮಾತು ಅಂತ ಅವಳು ತಿಳಿದುಕೊಂಡರೆ ತಪ್ಪೇನು?

ನೀವು ಎತ್ತಿ ಕೆಳಗೆ ಬಿಡುತ್ತೀರಲ್ಲ, ಅದೂ ಅವಳಿಗೆ ಸಂಭಾವನೆಯೇ. ಮುಟ್ಟಿದಿರಿ, ಹೆಸರು ಹಿಡಿದು ಕರೆದಿರಿ. ಕೆಲವು ದಿನ ತಡೆದುಕೊಂಡು, ಒಂದು ದಿನ ಸಾಕಾಗಿ ತೊಡೆ ಮೇಲೆ ಕೂರಿಸಿಕೊಂಡಿರುತ್ತೀರಿ. ಅದು ಇನ್ನೂ ಕೆಟ್ಟದ್ದು. ಪ್ರತಿ ಸಲ ಸಿಗುವ ಬಹುಮಾನ ನಿಂತರೆ ಪ್ರಾಣಿ ಬೇಗ ಕೈಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುವುದನ್ನು ಬಿಡುವುದಿಲ್ಲ, ಲಾಟರಿ ಚಟದ ಹಾಗೆ. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು. ನಿಮ್ಮ ಮನೆಯಲ್ಲಿ ಇನ್ನೂ ಡ್ರಾ ನಡೆಯುತ್ತಿದೆ.

ಹೀಗೆ ಮಾಡಿ. ಏಳು ಗಂಟೆಗೆ ಒಂದು ಕೋಲಿಗೆ ದಾರ, ದಾರದ ತುದಿಗೆ ಬಟ್ಟೆ ಚೂರು ಕಟ್ಟಿ ಆಡಿಸಿ. ಮುಖದ ಮುಂದೆ ಅಲ್ಲಾಡಿಸಬೇಡಿ. ಇಲಿ ಯಾವತ್ತೂ ಬೆಕ್ಕಿನ ಕಡೆ ಬರುವುದಿಲ್ಲ, ದೂರ ಓಡುತ್ತದೆ. ಸೋಫಾ ಮೂಲೆಯಲ್ಲಿ ಸರಿದು ಮಾಯವಾಗಬೇಕು, ಒಂದು ಗಳಿಗೆ ಸುಮ್ಮನಿರಬೇಕು, ಮತ್ತೆ ಮಿಸುಕಬೇಕು. ಅವಳ ಹಿಂಭಾಗ ಅಲುಗಾಡೋಕೆ ಶುರುವಾಯಿತಾ, ಸರಿಯಾಗಿ ಆಡಿಸುತ್ತಿದ್ದೀರಿ. ಹತ್ತು ಹದಿನೈದು ನಿಮಿಷ ಸಾಕು. ಕೊನೆಗೆ ಹಿಡಿಯೋಕೆ ಬಿಡಿ. ಹಿಡಿದ ಕೂಡಲೇ ರಾತ್ರಿಯ ಊಟ ಹಾಕಿ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ. ಬೆಕ್ಕಿನ ದಿನಚರಿ ಇದೇ ಸಾಲಿನಲ್ಲಿ ಹೋಗುತ್ತದೆ. ನೀವು ಕಾಲ್‌ಗೆ ಕೂರುವ ಹೊತ್ತಿಗೆ ಅವಳು ಮೂರನೇ ಮೆಟ್ಟಿಲಲ್ಲಿ ಇರಬೇಕು, ಅಷ್ಟೇ ಉಪಾಯ.

ಜೊತೆಗೆ ಮೇಜಿನ ಪಕ್ಕ, ಮೇಜಿನಷ್ಟೇ ಎತ್ತರದಲ್ಲಿ ಒಂದು ರಟ್ಟಿನ ಡಬ್ಬ ಇಡಿ. ಒಳಗೆ ನೀವು ಹಾಕಿ ಬಿಟ್ಟ ಸ್ವೆಟರ್, ಒಗೆಯದ್ದು. ಚಳಿಗಾಲದಲ್ಲಿ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಳಗಿಡಿ. ನೆಲದ ಮೇಲೆ ಇಟ್ಟರೆ ಮೂಸಿಯೂ ನೋಡುವುದಿಲ್ಲ. ಡಬ್ಬದಲ್ಲಿ ಕೂತಾಗ ತಲೆ ಸವರಿ. ಕೀಬೋರ್ಡ್‌ಗೆ ಬಂದರೆ ಮಾತಿಲ್ಲದೆ, ಮುಖ ನೋಡದೆ, ಎತ್ತಿ ಡಬ್ಬಕ್ಕೆ ಬಿಡಿ. ಮೊದಲ ಕೆಲವು ದಿನ ಕಾಟ ಕಮ್ಮಿಯಾಗಲ್ಲ, ಜಾಸ್ತಿಯಾಗುತ್ತದೆ. ಹಳೆಯ ಉಪಾಯ ನಡೆಯಲಿಲ್ಲ ಅಂದಾಗ ಇನ್ನಷ್ಟು ಜೋರಾಗಿ ಮಾಡಿ ನೋಡುವುದು ಪ್ರಾಣಿಗಳ ಸ್ವಭಾವ. ಅಲ್ಲಿ ಸೋತರೆ ಇನ್ನೂ ಜೋರು ಮಾಡುವುದನ್ನೇ ಕಲಿಸಿದಂತಾಗುತ್ತದೆ. ನೀರು ಚಿಮುಕಿಸಬೇಡಿ. ಅವಳು ಕೀಬೋರ್ಡ್‌ಗೆ ಹೆದರಲ್ಲ, ನಿಮಗೆ ಹೆದರುತ್ತಾಳೆ.

ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿ ಪರದೆ ಲಾಕ್ ಮಾಡಿ. ಮೆಸೇಜು ಹೋಗುವುದು ತಪ್ಪುತ್ತದೆ. ಸಾಫ್ಟ್‌ವೇರ್‌ನಲ್ಲಿರುವ ನನ್ನ ತಂಗಿ ಮಗ ಇನ್ನೊಂದು ಹೇಳಿಕೊಟ್ಟ. ಜೂಮ್‌ನಲ್ಲಿ ಮ್ಯೂಟ್ ಆಗಿರುವಾಗ ಸ್ಪೇಸ್ ಬಾರ್ ಒತ್ತಿ ಹಿಡಿದರೆ ಅಷ್ಟು ಹೊತ್ತು ಮೈಕ್ ತೆರೆಯುವ ಸೌಲಭ್ಯ ಇದೆಯಂತೆ. ಬೆಕ್ಕು ಕೂರುವುದೂ ಸರಿಯಾಗಿ ಅಲ್ಲೇ. ಬೆಕ್ಕಿರುವ ಮನೆಯಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತೆಗೆದುಬಿಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ ಅರವತ್ತೆರಡು. ಮಗ ಬೆಳಿಗ್ಗೆ ಒಂಬತ್ತಕ್ಕೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ನಮ್ಮ ಬ್ರೂನೋ (ಲ್ಯಾಬ್ರಡಾರ್, ನಾಲ್ಕು ವರ್ಷ, 42 ಕೆ.ಜಿ.) ಬಾಗಿಲು ಕೆರೆದು ಕೆರೆದು ಪಾಲಿಶ್ ಎಲ್ಲ ಹೋಗಿದೆ. "ಅಮ್ಮಾ, ಇವನನ್ನ ಸ್ವಲ್ಪ ನೋಡ್ಕೊಳ್ಳೋಕಾಗಲ್ವಾ" ಅಂತ ಮಗ ನನ್ನ ಮೇಲೆ ರೇಗುತ್ತಾನೆ. ನಮ್ಮ ಯಜಮಾನರು ಆಗ ಎರಡು ಗ್ಲೂಕೋಸ್ ಬಿಸ್ಕತ್ತು ಕೊಟ್ಟು ಕರೆದುಕೊಂಡು ಬರುತ್ತಾರೆ. ಹತ್ತು ನಿಮಿಷಕ್ಕೆ ಮತ್ತೆ ಹೋಗುತ್ತಾನೆ. ಹೆಸರು ಹಾಕಬೇಡಿ. (ಮಲ್ಲೇಶ್ವರ)

ಉತ್ತರ: ಅಮ್ಮಾ, ಹೆಸರು ಹಾಕಿಲ್ಲ. ಈ ಪುಟವನ್ನು ಮಗನ ಕಾಫಿ ಲೋಟದ ಪಕ್ಕ ಇಡಿ.

ಬ್ರೂನೋ ಜಾಣ. ಬಾಗಿಲು ಕೆರೆದರೆ ತಾತ ಬಿಸ್ಕತ್ತು ತರುತ್ತಾರೆ ಅಂತ ಕಂಡುಕೊಂಡಿದ್ದಾನೆ. ಬಿಸ್ಕತ್ತು ನಿಂತರೆ ತೂಕಕ್ಕೂ ಒಳ್ಳೆಯದು. ಗಂಡು ಲ್ಯಾಬ್ರಡಾರ್ 29ರಿಂದ 36 ಕೆ.ಜಿ. ಇದ್ದರೆ ಸರಿ. 42 ಅಂದರೆ ಮುಂದೆ ಮಂಡಿ, ಸೊಂಟ ಎರಡೂ ಹೋಗುತ್ತವೆ. ಯಜಮಾನರಿಗೆ ಕೊಡುವ ಖುಷಿ ಬೇಕೇ ಬೇಕು ಅಂದರೆ ಸೌತೆಕಾಯಿ, ಕ್ಯಾರೆಟ್ ಹೋಳು ಕೊಡಲಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಪಾಯಸದ ಪಾತ್ರೆ ನೆಕ್ಕಿಸುವಾಗ ದ್ರಾಕ್ಷಿ ನೆನಪಿರಲಿ. ಯಾವುದನ್ನು ಕೊಟ್ಟರೂ ಬ್ರೂನೋ ಚಾಪೆ ಮೇಲೆ ಸುಮ್ಮನೆ ಮಲಗಿರುವಾಗ ಕೊಡಬೇಕು, ಬಾಗಿಲ ಹತ್ತಿರ ಅಲ್ಲ. ಇಷ್ಟು ಬದಲಾದರೆ ಅರ್ಧ ಗೆದ್ದ ಹಾಗೆ.

ಇನ್ನರ್ಧ ಮಗನದ್ದು. ಎಂಟಕ್ಕೆ ಎದ್ದು, ಮುಖ ತೊಳೆದು, ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರೆ ಆ ನಾಯಿಗೆ ಅವನು ಸಿಗುವುದು ಯಾವಾಗ? ಬೆಳಿಗ್ಗೆ ನಲವತ್ತು ನಿಮಿಷ ಹೊರಗೆ ಹೋಗಲಿ. ಫೋನ್ ಹಿಡಿದುಕೊಂಡು ದರದರ ಎಳೆದುಕೊಂಡು ಬರುವ ವಾಕಿಂಗ್ ಅಲ್ಲ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಮರಕ್ಕೊಂದು ವಾಸನೆ, ಕಂಬಕ್ಕೊಂದು ವಾಸನೆ. ನಿಂತು ಮೂಸಲಿ. ಅದು ಅವನ ದಿನಪತ್ರಿಕೆ, ಪೂರ್ತಿ ಓದಿಕೊಂಡು ಬಂದ ನಾಯಿ ಮನೆಯಲ್ಲಿ ಒರಗುತ್ತದೆ. ದೊಡ್ಡ ನಾಯಿ ದಿನಕ್ಕೆ 12ರಿಂದ 14 ಗಂಟೆ ಮಲಗುವಂಥದ್ದೇ. ಮಲಗುವಷ್ಟು ದಣಿವು ನಾವು ಕೊಡುತ್ತಿಲ್ಲ.

ಒಂಬತ್ತಕ್ಕೆ ಸರಿಯಾಗಿ ಬ್ರೂನೋಗೆ ತಿಂಡಿ. ಬಟ್ಟಲಿಗೆ ಸುರಿದರೆ ಒಂದು ನಿಮಿಷದಲ್ಲಿ ಖಾಲಿ. ಹಾಗೆ ಕೊಡಬೇಡಿ. ಮನೆಯಲ್ಲಿ ಹಳೆಯ ಇಡ್ಲಿ ತಟ್ಟೆ ಇದೆಯಲ್ಲ, ಸಣ್ಣ ಕುಳಿಗಳದ್ದು. ಕುಳಿಗೊಂದು ಚಮಚ ಅವನ ಊಟ ತುಂಬಿ, ಮೇಲೆ ಗಟ್ಟಿ ಮೊಸರು ಸವರಿ. ತೂತಿರುವ ತಟ್ಟೆಯಾದರೆ ಮೊಸರಿನ ಬದಲು ಹಿಸುಕಿದ ಕುಂಬಳಕಾಯಿ. ಫ್ರಿಜ್ಜಿನಲ್ಲಿ ಇಟ್ಟು ಕೊಡಿ, ಆದರೆ ಫ್ರೀಜರ್ ಬೇಡ. ಸ್ಟೀಲು ಅಷ್ಟು ತಣ್ಣಗಾದರೆ ಒದ್ದೆ ನಾಲಿಗೆ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ ಇದಕ್ಕೇ ಅಂತ ರಬ್ಬರಿನ ಆಟಿಕೆ, ನೆಕ್ಕುವ ಮ್ಯಾಟು ಸಿಗುತ್ತವೆ. ಅವನ್ನು ಬೇಕಾದರೆ ಫ್ರೀಜರ್‌ಗೆ ಹಾಕಬಹುದು, ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ನೆಕ್ಕುವುದು, ಮೂಸುವುದು, ಅಗಿಯುವುದು ಈ ಮೂರೂ ನಾಯಿಯನ್ನು ತಣ್ಣಗೆ ಮಾಡುತ್ತವೆ. ಇನ್ನೊಂದು ದಿನ ಹಳೆಯ ಟವೆಲ್ಲಿನ ಮೇಲೆ ಊಟದ ಕಾಳು ಹರಡಿ, ಸುರುಳಿ ಸುತ್ತಿ ಕೊಡಿ, ಮೂತಿಯಿಂದ ಬಿಚ್ಚಿಕೊಂಡು ತಿನ್ನಲಿ. ಇದೆಲ್ಲ ದಿನದ ಊಟದಲ್ಲೇ ಕಳೆಯಬೇಕು, ಮೇಲಿಂದ ಅಲ್ಲ.

ಕೊನೆಗೆ ನನ್ನ ಅಭಿಪ್ರಾಯ, ಮಗನಿಗೆ ರುಚಿಸದೇ ಇರಬಹುದು. ಬಾಗಿಲು ತೆಗೆಯಪ್ಪ. ನಾಯಿಗೆ ಬೇಕಿರುವುದು ನಿನ್ನ ಕಾಲ ಹತ್ತಿರ ಒಂದು ಚಾಪೆ ಜಾಗ. ಒಳಗಿದ್ದರೆ ನಿದ್ದೆ ಮಾಡುತ್ತದೆ, ಹೊರಗಿದ್ದರೆ ಬಾಗಿಲು ಕೆರೆಯುತ್ತದೆ. ಗೊರಕೆ ಕೇಳಿಸಿದರೆ ಮ್ಯೂಟ್ ಇದೆಯಲ್ಲ.

ಪ್ರಶ್ನೆ: ಗಂಡು ಬೆಕ್ಕು, ಮೂರು ವರ್ಷ. ಮೀಟಿಂಗ್‌ನಲ್ಲಿ ಬಂದು ವಿಚಿತ್ರವಾಗಿ ಕೂಗುತ್ತಾನೆ. ನಿನ್ನೆಯಿಂದ ಜಾಸ್ತಿ. ಗಮನ ಸೆಳೆಯೋಕೆ ಇರಬೇಕು. ಮರಳಿನ ಟ್ರೇಗೆ ಹೋಗಿ ಕೂರುತ್ತಾನೆ, ಏನೂ ಮಾಡದೆ ಎದ್ದು ಬರುತ್ತಾನೆ, ಮತ್ತೆ ಹೋಗುತ್ತಾನೆ. (ರಾಜಾಜಿನಗರ)

ಉತ್ತರ: ಇದು ಮಿಂಚಂಚೆಯಲ್ಲಿ ಬಂದಿತ್ತು. ಸಂಪಾದಕರು ಓದಿದ ಕೂಡಲೇ ನನಗೆ ಫೋನ್ ಮಾಡಿದರು, ನಾನು ಓದುಗರಿಗೆ ಮಾಡಿದೆ. ಮಿಕ್ಕವರಿಗೆ ಗೊತ್ತಿರಲಿ ಅಂತ ಅಚ್ಚು ಹಾಕಿಸುತ್ತಿದ್ದೇನೆ.

ಗಂಡು ಬೆಕ್ಕು ಟ್ರೇಗೆ ಹೋಗಿ ತಿಣುಕುತ್ತಾನೆ, ಮೂತ್ರ ಬರುತ್ತಿಲ್ಲ ಅಥವಾ ತೊಟ್ಟು ಮಾತ್ರ, ಕೂಗುತ್ತಾನೆ, ಕೆಳಗೆ ನೆಕ್ಕಿಕೊಳ್ಳುತ್ತಾನೆ. ಇದು ತರಬೇತಿಯ ವಿಷಯ ಅಲ್ಲ. ಮೂತ್ರನಾಳ ಕಟ್ಟಿಕೊಂಡಿರಬಹುದು. ಗಂಡು ಬೆಕ್ಕಿನ ನಾಳ ತೀರಾ ಸಣ್ಣ, ಹರಳು, ಲೋಳೆ ಸಿಕ್ಕಿಕೊಂಡರೆ ಮುಗಿಯಿತು. ಪೂರ್ತಿ ಕಟ್ಟಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ. ಸಂಜೆ ನೋಡೋಣ, ಮೀಟಿಂಗ್ ಮುಗಿಯಲಿ ಅನ್ನಬೇಡಿ. ರಾತ್ರಿಯಾಗಿದ್ದರೂ ತೆರೆದಿರುವ ಆಸ್ಪತ್ರೆ ಹುಡುಕಿ ಹೋಗಿ. ಈ ಬೆಕ್ಕಿಗೆ ಅವತ್ತೇ ರಾತ್ರಿ ನಳಿಕೆ ಹಾಕಿ ಮೂತ್ರ ತೆಗೆದರು. ಈಗ ಹುಷಾರಾಗಿದ್ದಾನೆ, ನೀರು ಜಾಸ್ತಿ ಇರುವ ಊಟಕ್ಕೆ ಬದಲಾಯಿಸಿದ್ದಾರೆ.

ಇದರ ಜೊತೆ ಇನ್ನೊಂದು. ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ರಾಗ ಎಳೆಯತೊಡಗಿದರೆ ಥೈರಾಯ್ಡ್, ಕಿಡ್ನಿ, ಬಿ.ಪಿ. ನೋಡಿಸಿ. ಮುದಿ ನಾಯಿ ಹಗಲು ರಾತ್ರಿ ಗೊತ್ತಾಗದೆ ಓಡಾಡಿ ಕುಂಯ್‌ಗುಟ್ಟಿದರೆ ಮಂಡಿ ನೋವೋ, ಮರೆವಿನ ಕಾಯಿಲೆಯೋ ಇರಬಹುದು. ಹೊಸದಾಗಿ ಶುರುವಾದ ಕಾಟ ಅಂದರೆ ಮೊದಲು ಡಾಕ್ಟರು, ಆಮೇಲೆ ಉಪಾಯ.

ಪ್ರಶ್ನೆ: ನಮ್ಮದು ಬೀದಿಯಿಂದ ತಂದು ಸಾಕಿದ ನಾಯಿ, ಐದು ವರ್ಷ. ಬಹಳ ಸಾಧು. ಆದರೆ ಬೆಲ್ ಆದರೆ ಸಾಕು, ಮನೆ ಹಾರಿಹೋಗುವ ಹಾಗೆ ಬೊಗಳುತ್ತೆ. ಅಮೆಜಾನ್, ಸ್ವಿಗ್ಗಿ, ಹಾಲು, ಲಾಂಡ್ರಿ ಅಂತ ದಿನಕ್ಕೆ ಎಷ್ಟು ಸಲವೋ. ಪ್ರತಿ ಸಲ ಮೀಟಿಂಗ್‌ನಲ್ಲಿ ಕ್ಷಮೆ ಕೇಳಬೇಕು. ಅಸೋಸಿಯೇಷನ್‌ನವರು ನಾಯಿ ಖಾಲಿ ಮಾಡಿಸಿ ಅಂತ ನೋಟಿಸ್ ಕೊಟ್ಟಿದ್ದಾರೆ. ಬೊಗಳುವ ನಾಯಿ ಕಚ್ಚಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿಲ್ಲ. (ವೈಟ್‌ಫೀಲ್ಡ್)

ಉತ್ತರ: ಆ ಗಾದೆಯನ್ನು ಅವರ ಮುಂದೆ ಇನ್ನೊಮ್ಮೆ ಹೇಳಬೇಡಿ. ಬೊಗಳುವ ನಾಯಿ ಕಚ್ಚಬಹುದು. ಹೆದರಿದ ನಾಯಿ ಮೊದಲು ಬೊಗಳಿಯೇ ಹೇಳುತ್ತದೆ, ಕೇಳದಿದ್ದರೆ ಹಲ್ಲು.

ನಿಮ್ಮ ನಾಯಿಯ ಕಡೆಯಿಂದ ನೋಡಿ. ಯಾರೋ ಬಂದ. ಬೊಗಳಿದೆ. ಹೋದ. ಇನ್ನೊಬ್ಬ ಬಂದ. ಬೊಗಳಿದೆ. ಅವನೂ ಹೋದ. ಪಾರ್ಸೆಲ್ ಕೊಟ್ಟು ಹೋಗುವುದು ಅವರ ಕೆಲಸ ಅಂತ ನಿಮಗೆ ಗೊತ್ತು. ಅದರ ಪ್ರಕಾರ ಓಡಿಸಿದ್ದು ತಾನು. ಇಷ್ಟು ಯಶಸ್ಸು ಕಂಡ ಮೇಲೆ ಯಾರು ಬಿಡುತ್ತಾರೆ? ಅದರ ಮೇಲೆ ನೀವು "ಶ್! ಸುಮ್ನಿರು!" ಅಂತ ಕೂಗಿದರೆ ನೀವೂ ಜೊತೆ ಸೇರಿ ಬೊಗಳಿದಂತೆ ಅದಕ್ಕೆ ಕೇಳಿಸುತ್ತದೆ.

ಮೊದಲು ಬೆಲ್ ಕಮ್ಮಿ ಮಾಡಿ. ಕೆಲಸದ ಹೊತ್ತಿನಲ್ಲಿ ಸ್ವಿಚ್ ಆಫ್ ಮಾಡಿ, ಬಾಗಿಲಿಗೆ "ಬೆಲ್ ಬೇಡ, ಇಲ್ಲಿ ಇಟ್ಟು ಹೋಗಿ" ಅಂತ ಕನ್ನಡ, ಹಿಂದಿ ಎರಡರಲ್ಲೂ ಬರೆದು ಅಂಟಿಸಿ. ಆ್ಯಪ್‌ನಲ್ಲೂ ಹಾಗೆ ಬರೆಯುವ ಜಾಗ ಇರುತ್ತದೆ. ಕಾರಿಡಾರ್ ಕಡೆಯ ಕಿಟಕಿಗೆ ಒಳಗಿಂದ ಮಸುಕು ಹಾಳೆ ಅಂಟಿಸಿ.

ಆಮೇಲೆ ಭಾನುವಾರದ ಪಾಠ. ಬೆಲ್ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತೀರಾ ಸಣ್ಣ ಶಬ್ದದಲ್ಲಿ ಹಾಕಿ, ಕಿವಿ ನಿಮಿರಬೇಕು, ಬೊಗಳಬಾರದು, ಅಷ್ಟು. ಕೂಡಲೇ ಹಾಲ್‌ನ ಮೂಲೆಯ ಚಾಪೆ ಮೇಲೆ ಬೇಯಿಸಿದ ಕೋಳಿ ಚೂರೋ ಪನೀರೋ ಹಾಕಿ. ಬೆಲ್ ಮೊದಲು, ತಿನಿಸು ಆಮೇಲೆ. ಈ ಕ್ರಮ ಅದಲು ಬದಲಾದರೆ ಪಾಠ ಕೆಟ್ಟಿತು. ಒಂದೆರಡು ವಾರದಲ್ಲಿ ನಿಧಾನಕ್ಕೆ ಶಬ್ದ ಏರಿಸಿ. ಬೆಲ್ ಆದಾಗ ಬಾಗಿಲ ಬದಲು ಚಾಪೆ ಕಡೆ ಓಡಿದರೆ, ಆಗ ನಿಜವಾದ ಬೆಲ್ ಸ್ವಿಚ್ ಹಾಕಿ. ಬೆಳಿಗ್ಗೆ ಸೊಪ್ಪಿನವರ ಕೂಗಿಗೆ, ಕಸದ ಆಟೋ ಹಾಡಿಗೆ ಊಳಿಡುವ ನಾಯಿಗಳಿಗೂ ಇದೇ ಮದ್ದು. ಬೊಗಳಿದಾಗ ಶಾಕ್ ಕೊಡುವ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತೆ ಅಂತ ಬರೆದಿದ್ದೀರಿ. ತರಿಸಬೇಡಿ. ಬಾಗಿಲಿಗೆ ಬಂದವರಿಂದಲೇ ನೋವಾಯಿತು ಅಂತ ಅದು ತಿಳಿದರೆ ಗಾದೆ ಸುಳ್ಳಾಗುವ ದಿನ ಹತ್ತಿರ ಬಂತು.

ಇನ್ನು ನೋಟಿಸು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಸಾಕುನಾಯಿ ಇಡಬೇಡಿ ಅಂತ ನಿವಾಸಿಗಳ ಸಂಘ ನಿಯಮ ಮಾಡುವಂತಿಲ್ಲ. ಬೊಗಳುವುದನ್ನು ನೆಪ ಮಾಡಿಕೊಂಡು ನಿಷೇಧ ಹೇರುವಂತಿಲ್ಲ. ಅದನ್ನು ಮುದ್ರಿಸಿ ಕೊಡಿ. ಹಾಗೇ ಪಾಲಿಕೆಯ ಲೈಸೆನ್ಸ್, ರೇಬೀಸ್ ಲಸಿಕೆಯ ಪುಸ್ತಕವನ್ನೂ ಜೋಡಿಸಿ. ಆದರೆ ಅದೇ ಮಾರ್ಗಸೂಚಿ ನೆರೆಯವರಿಗೆ, ಅದರಲ್ಲೂ ರಾತ್ರಿ ಹೊತ್ತು, ತೊಂದರೆ ಆಗದ ಹಾಗೆ ನೋಡಿಕೊಳ್ಳಿ ಅಂತ ನಿಮಗೂ ಹೇಳುತ್ತದೆ. ಪಕ್ಕದ ಮನೆಯಲ್ಲೂ ಯಾರೋ ಮೀಟಿಂಗ್‌ನಲ್ಲಿ ಇರುತ್ತಾರೆ ಅಲ್ವಾ. ಹೋಗಿ ಮಾತಾಡಿ, ಬೆಲ್ ಪಾಠ ನಡೀತಿದೆ ಅಂತ ಹೇಳಿ. ಕಾಗದ ತೋರಿಸುವುದಕ್ಕಿಂತ ಇದೇ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ಲಾಕ್‌ಡೌನ್‌ನಲ್ಲಿ ತಂದ ಬೀಗಲ್ ನಾಯಿ. ಮನೆಯಲ್ಲಿರುವುದು ನಾನೊಬ್ಬನೇ. ಈಗ ವಾರಕ್ಕೆ ಮೂರು ದಿನ ಬನಶಂಕರಿಯಿಂದ ಮಾರತ್ತಹಳ್ಳಿಗೆ ಹೋಗಬೇಕು, ಹೋಗಿ ಬರುವುದೇ ಮೂರು ಗಂಟೆ. ವಾಪಸ್ ಬಂದರೆ ಬಾಗಿಲ ಚೌಕಟ್ಟು ಕಡಿದಿರುತ್ತಾನೆ, ನೆಲವೆಲ್ಲ ಜೊಲ್ಲು. ಬೈದರೆ ತಲೆ ತಗ್ಗಿಸುತ್ತಾನೆ. ತಪ್ಪು ಅಂತ ಗೊತ್ತು, ಆದರೂ ಮಾಡುತ್ತಾನೆ. ಕಟ್ಟಿಹಾಕಿ ಹೋಗಲಾ?

ಉತ್ತರ: ಗೊತ್ತಿಲ್ಲ ಅವನಿಗೆ. 2009ರಲ್ಲಿ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ನಾಯಿ ತಪ್ಪು ಮಾಡಿರಲಿ ಬಿಡಲಿ, ಯಜಮಾನ ಬೈದಾಗಲೇ ಆ ಮುಖ ಹೆಚ್ಚಾಗಿ ಬರುತ್ತದೆ. ಅದು ನಿಮ್ಮ ಸಿಟ್ಟಿಗೆ ಉತ್ತರ, ಚೌಕಟ್ಟಿಗಲ್ಲ.

ಕಟ್ಟಿಹಾಕಬೇಡಿ. ನಾಯಿಯನ್ನು ಗಂಟೆಗಟ್ಟಲೆ ಚಿಕ್ಕ ಸರಪಳಿಯಲ್ಲಿ ಬಿಗಿಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅವನು ಗಾಬರಿಯಲ್ಲಿ ಕುತ್ತಿಗೆ ಬಿಗಿದುಕೊಳ್ಳಬಹುದು.

ಹಳೆಯ ಫೋನನ್ನು ಕ್ಯಾಮೆರಾ ಮಾಡಿ ಇಟ್ಟು ಹೋಗಿ. ನೀವು ಹೋಗಿ ಎರಡು ಗಂಟೆ ಮಲಗಿ, ಆಮೇಲೆ ಎದ್ದು ಚಪ್ಪಲಿ ಕಡಿದರೆ ಅದು ಬೇಜಾರು. ನೀವು ಲಿಫ್ಟ್ ಹತ್ತುವಷ್ಟರಲ್ಲೇ ಏದುಸಿರು, ಜೊಲ್ಲು, ಬಾಗಿಲನ್ನೇ ಕಡಿಯುವುದು ಅಂದರೆ ಅದು ದಿಗಿಲು. ನಿಮ್ಮ ವಿವರ ನೋಡಿದರೆ ಎರಡನೆಯದು. ಹುಟ್ಟಿದಾಗಿನಿಂದ ಒಂಟಿಯಾಗಿ ಇದ್ದೇ ಗೊತ್ತಿಲ್ಲ ಪಾಪ.

ಇದಕ್ಕೆ ದಿಢೀರ್ ಮದ್ದಿಲ್ಲ. ಮನೆಯಲ್ಲಿರುವ ದಿನಗಳಲ್ಲಿ ಕೀಲಿ ಎತ್ತಿಕೊಳ್ಳಿ, ಎಲ್ಲಿಗೂ ಹೋಗಬೇಡಿ, ಕೂತು ಕೆಲಸ ಮಾಡಿ. ಬ್ಯಾಗ್ ಹಾಕಿಕೊಂಡು ಅಡುಗೆ ಮಾಡಿ. ಕೀಲಿ ಶಬ್ದಕ್ಕೆ ಅರ್ಥ ಇಲ್ಲದಂತಾಗಬೇಕು. ಆಮೇಲೆ ಬಾಗಿಲಾಚೆ ಅರ್ಧ ನಿಮಿಷ, ಒಂದು ನಿಮಿಷ, ಅಂಗಡಿಗೆ ಹೋಗಿ ಬರುವಷ್ಟು. ಅವನು ಗಾಬರಿಯಾಗುವ ಮುಂಚೆ ವಾಪಸ್ ಬರಬೇಕು. ಅಲ್ಲಿಯವರೆಗೆ ಆಫೀಸ್ ದಿನ ಅವನನ್ನು ಒಬ್ಬನೇ ಬಿಡಬೇಡಿ. ಪರಿಚಯದವರ ಮನೆ, ನಾಯಿ ನೋಡಿಕೊಳ್ಳುವ ಡೇಕೇರ್, ಕೆಳಗಿನ ಮನೆಯ ಅಜ್ಜಿ, ಯಾರಾದರೂ ಆಗಲಿ. ದಿಗಿಲು ಕಮ್ಮಿ ಮಾಡುವ ಮಾತ್ರೆಗಳಿವೆ, ನಾಚಿಕೆ ಪಡಬೇಡಿ. ನಾಯಿಯನ್ನು ನೋಡಿಯೇ ಬರೆದುಕೊಡಬೇಕಾದವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ. ಮನುಷ್ಯರ ನಿದ್ದೆ ಮಾತ್ರೆ ಮುರಿದು ಹಾಕಬೇಡಿ.

ಚುಟುಕು ಉತ್ತರಗಳು

ಮೂರು ತಿಂಗಳ ಮರಿ ಬೆಳಗಿನ ಮೀಟಿಂಗ್ ಮಧ್ಯೆಯೇ ಉಚ್ಚೆ ಮಾಡುತ್ತೆ ಅಂದವರಿಗೆ (ಎಚ್.ಎಸ್.ಆರ್. ಲೇಔಟ್): ವಯಸ್ಸಿನ ತಿಂಗಳಿಗೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ. ಅದೂ ಮಲಗಿರುವಾಗ. ಎದ್ದ ಕೂಡಲೇ, ತಿಂದ ಕೂಡಲೇ, ಆಡಿದ ಕೂಡಲೇ ಹೊರಗೆ ಕರೆದೊಯ್ಯಿರಿ. ಮೀಟಿಂಗ್‌ಗೆ ಐದು ನಿಮಿಷ ಮುಂಚೆ ಮತ್ತೊಮ್ಮೆ. ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡಬೇಕು. ಕಚ್ಚಿ ಕುಣಿಯುವ ಮರಿಗೆ ಎಷ್ಟೋ ಸಲ ಬೇಕಿರುವುದು ಆಟ ಅಲ್ಲ, ನಿದ್ದೆ.

ಮೊಲ ಚಾರ್ಜರ್ ವೈರ್ ಕಡಿಯುತ್ತೆ ಅಂದವರಿಗೆ (ನಾಗರಬಾವಿ): ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದು ಕಡಿಯಲೇಬೇಕು. ಯಾವಾಗಲೂ ಒಣ ಹುಲ್ಲು ಇಟ್ಟಿರಿ, ಬರೀ ಕ್ಯಾರೆಟ್ ಕೊಟ್ಟು ಸಾಕಬೇಡಿ. ವೈರನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ಗೋಡೆಗೆ ಹೊಡೆಸಿ.

ಮನೆಯಿಂದ ಕೆಲಸ ಇರುವುದರಿಂದ ಮುಧೋಳ ನಾಯಿ ತರೋಣ ಅಂದುಕೊಂಡವರಿಗೆ (ಯಲಹಂಕ): ಬಯಲಲ್ಲಿ ಬೇಟೆ ಅಟ್ಟಿಸಿಕೊಂಡು ಓಡಲು ಹುಟ್ಟಿದ ತಳಿ ಅದು. ದಿನಾ ಓಡಿಸಲು ಸುರಕ್ಷಿತವಾದ ಜಾಗ, ನಿಮಗೆ ಪುರುಸೊತ್ತು ಎರಡೂ ಇದ್ದರೆ ತನ್ನಿ. ಮೂರನೇ ಮಹಡಿಯ ಎರಡು ರೂಮಿನ ಮನೆ ಅಂತ ಬರೆದಿದ್ದೀರಿ. ಬೇಡ. ಮನೆಯಲ್ಲಿರುವುದು ಬೇರೆ, ಬಿಡುವಿರುವುದು ಬೇರೆ.

ಪ್ರಶ್ನೆ: ನಮ್ಮ ಗಿಳಿ ಪಂಜರದಲ್ಲಿ ಕೂತು ಟೀಮ್ಸ್ ಕಾಲ್ ಬಂದಾಗಿನ ಶಬ್ದವನ್ನು ಹಾಗೇ ಮಾಡುತ್ತದೆ. ನಾನು, ನನ್ನ ಹೆಂಡತಿ ಇಬ್ಬರೂ ಎದ್ದು ಓಡುತ್ತೇವೆ. ಕತ್ತಿನಲ್ಲಿ ಕೆಂಪು ಪಟ್ಟಿ ಇರುವ ಹಸಿರು ಗಿಳಿ. ಶಬ್ದ ಮರೆಸುವುದು ಹೇಗೆ? ರಿಂಗ್‌ಟೋನ್ ಬದಲಾಯಿಸಿದರೆ ಸಾಕಾ? (ವಿಜಯನಗರ)

ಉತ್ತರ: ಓದಿ ನಕ್ಕೆ. ಆಮೇಲೆ ನಗು ನಿಂತಿತು. ನೀವು ಹೇಳಿದ್ದು ನಮ್ಮ ಊರಿನ ಮರಗಳಲ್ಲೇ ಇರುವ ಗಿಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಮೂರೂ ಅಪರಾಧ. ದುಡ್ಡು ಕೊಟ್ಟು ತಂದಿದ್ದೀರೋ, ಯಾರೋ ಕೊಟ್ಟರೋ, ವ್ಯತ್ಯಾಸ ಇಲ್ಲ.

ಹಾಗಂತ ನಾಳೆ ಬೆಳಿಗ್ಗೆ ಪಂಜರದ ಬಾಗಿಲು ತೆಗೆದು ಹಾರಿಸಿಬಿಡಬೇಡಿ. ರೆಕ್ಕೆಯ ಗರಿ ಕತ್ತರಿಸಿದ್ದರೆ ಹಾರಲಾಗದು. ಕತ್ತರಿಸದಿದ್ದರೂ ಪಂಜರದಲ್ಲೇ ಬೆಳೆದ ಹಕ್ಕಿಗೆ ತಾನೇ ಹುಡುಕಿ ತಿನ್ನುವುದು ಗೊತ್ತಿರಲ್ಲ, ಕಾಗೆ, ಹದ್ದಿನಿಂದ ತಪ್ಪಿಸಿಕೊಳ್ಳೋದೂ ಗೊತ್ತಿರಲ್ಲ. ಅರಣ್ಯ ಇಲಾಖೆಗೆ ತಿಳಿಸಿ. ಮಲ್ಲೇಶ್ವರದ ಅರಣ್ಯ ಭವನ ನಿಮಗೆ ದೂರವೇನಲ್ಲ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಇಂಥ ಹಕ್ಕಿಗಳನ್ನು ನೋಡಿಕೊಂಡು ಅನುಭವ ಇರುವವರು. ಮೊದಲು ಫೋನ್ ಮಾಡಿ, ಹೇಗೆ ತರಬೇಕು ಅಂತ ಕೇಳಿ. ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ, ಬಿಸಿಲಿಲ್ಲದ ಹೊತ್ತಿನಲ್ಲಿ ಒಯ್ಯಿರಿ.

ರಿಂಗ್‌ಟೋನ್ ಬದಲಾಯಿಸಬೇಡಿ. ಒಪ್ಪಿಸಿ ಬರುವವರೆಗೆ ಇನ್ನೊಂದು ಕಲಿತೀತು.